ಚಕ್ಕರ್ ಹೊಡೆದು ಉಳ್ಳಾಲದ ದಂಡೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಸಿಕ್ಕಿದೆ, ಉಳಿಸೋದು ಹೇಗೆ?

ಮೌತ್‌ಆರ್ಗನ್ ಅಗ್ರಹಾರ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ನೀಲಿ ಇಂಕಿನಲ್ಲಿ ‘ಉಳ್ಳಾಲ, ಫೆಬ್ರವರಿ 1987’ ಅಂತ ಬರೆದಿದೆ. ನನ್ನದೇ ಅಕ್ಷರ. ಅದನ್ನು ಹಿಡಿದು ಏಣಿಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬಣ್ಣದವರು ಕೆಳಗಿನಿಂದ ‘ಸಾರ್, ಏಣಿ ಬೇಕಿತ್ತು’ ಅಂದಾಗಲೇ ಇಳಿದಿದ್ದು.

ಕಥೆ ಹೇಳಿಬಿಡುತ್ತೇನೆ. ಆಗ ನಾವು ಮೂವರೂ ಎಸ್ಸೆಸ್ಸೆಲ್ಸಿ. ಮೈಸೂರಿನ ಅಗ್ರಹಾರದ ಹತ್ತಿರ ಗೆಳೆಯನ ತಾತನದ್ದು ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಹಿಂದೆ ಮೂಟೆ ಇಡುವ ಕೋಣೆ. ಬೆಳಿಗ್ಗೆ ಸ್ಕೂಲಿನಲ್ಲಿ ಹಾಜರಿ ಹೇಳುವುದು, ಎರಡನೇ ಪೀರಿಯಡ್ ಆದ ಮೇಲೆ ಹಿಂದಿನ ಕಾಂಪೌಂಡ್ ಹಾರಿ ಆ ಕೋಣೆ ಸೇರುವುದು. ವಾರಕ್ಕೆ ಎರಡು ಸಲ, ಕೆಲವು ವಾರ ಮೂರು. ಸಿನಿಮಾಕ್ಕೆ ಚಕ್ಕರ್ ಹೊಡೆಯುವವರು ಬೇರೆ ಇದ್ದರು. ನಾವು ಹೋಗುತ್ತಿದ್ದದ್ದು ನುಡಿಸೋಕೆ. ಗಿರಣಿ ಓಡುತ್ತಿದ್ದರೆ ನಾವು ಎಷ್ಟು ಜೋರಾಗಿ ನುಡಿಸಿದರೂ ರಸ್ತೆಗೆ ಕೇಳುತ್ತಿರಲಿಲ್ಲ. ಕರೆಂಟ್ ಹೋದರೆ ಗಿರಣಿ ನಿಲ್ಲುತ್ತಿತ್ತು, ನಾವೂ ನಿಲ್ಲಿಸಬೇಕಿತ್ತು. ಆಗ ಕತ್ತಲಲ್ಲಿ ರಾಗಿ ಮೂಟೆಗಳ ಮೇಲೆ ಪಿಟ್ಟೆನ್ನದೆ ಕೂರುತ್ತಿದ್ದೆವು.

ಅಲ್ಲಿ ತಾತನ ಭಜನೆ ಹಾರ್ಮೋನಿಯಂ ಇತ್ತು. ತಿದಿ ಒತ್ತಿದರೆ ಮನೆಗಳ, ಅಂದರೆ ಬೆರಳಿಂದ ಒತ್ತುವ ಕೀಗಳ, ಸಂದಿಯಿಂದ ರಾಗಿ ಹಿಟ್ಟು ಹೊಗೆಯ ಹಾಗೆ ಏಳುತ್ತಿತ್ತು. ಒಂದು ದಿನ ಗಾಂಧಾರ ನುಡಿಯಲೇ ಇಲ್ಲ. ಹಲಗೆ ಬಿಚ್ಚಿ ನೋಡಿದರೆ ಹಿತ್ತಾಳೆ ರೀಡಿನ ಸೀಳಿನಲ್ಲಿ ಒಂದೇ ಒಂದು ರಾಗಿ ಹೊಟ್ಟು. ಪಾರಿವಾಳದ ಗರಿಯ ತುದಿಯಿಂದ ಮೆಲ್ಲಗೆ ಎತ್ತಿದೆ. ಹಲಗೆ ಮುಚ್ಚಿ ಒತ್ತಿದಾಗ ಗಾಂಧಾರ ಮೊದಲಿಗಿಂತ ತಿಳಿಯಾಗಿ ಬಂತು. ರೀಡು ಅಂದರೆ ಏನು, ಗಾಳಿ ಹೇಗೆ ಸ್ವರವಾಗುತ್ತದೆ ಅನ್ನೋದು ನನಗೆ ಅರ್ಥವಾದದ್ದು ಅವತ್ತು. ಆ ಹೊತ್ತಿಗೆ ಸ್ಕೂಲಿನಲ್ಲಿ ಯಾವ ಪಾಠ ನಡೆಯುತ್ತಿತ್ತೋ ಗೊತ್ತಿಲ್ಲ.

ಪ್ರಿಪರೇಟರಿ ಪರೀಕ್ಷೆ ಮುಗಿದ ವಾರ, ಮೂವರ ಮನೆಯಲ್ಲೂ ‘ಕಂಬೈನ್ ಸ್ಟಡಿ’ ಅಂತ ಹೇಳಿ ರಾತ್ರಿ ಮಂಗಳೂರು ಬಸ್ ಹತ್ತಿದೆವು. ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ. ಅದುವರೆಗೆ ಯಾರೂ ಸಮುದ್ರ ನೋಡಿರಲಿಲ್ಲ. ನಮಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ಕನ್ನಂಬಾಡಿ ಹಿನ್ನೀರು. ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದೆವು. ಹಾರ್ಮೋನಿಯಂ ಹೊರಲಾಗದೆ ಬಿಟ್ಟಿದ್ದೆವು. ನನ್ನ ಮೌತ್‌ಆರ್ಗನ್, ಗಿರಣಿ ಗೆಳೆಯನ ಡೋಲಕ್, ಇನ್ನೊಬ್ಬ ಗೆಳೆಯನ ಚಿಕ್ಕಪ್ಪ ದುಬೈನಿಂದ ತಂದ ಟೂ ಇನ್ ಒನ್, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವಂಥದ್ದು. ಅದಕ್ಕೆ ದೊಡ್ಡ ಸೆಲ್ ಆರು.

ದಂಡೆಯಲ್ಲಿ ಬಲೂನಿಗೆ ಗುಂಡು ಹೊಡೆಸುವವನಿದ್ದ. ಕಡಲೆಕಾಯಿ ಹುರಿಯುವವನಿದ್ದ. ಶಂಖದ ಮೇಲೆ ಹೆಸರು ಬರೆದುಕೊಡುವ ಅಜ್ಜಿ ಇದ್ದರು. ಸ್ವಲ್ಪ ದೂರದಲ್ಲಿ ನಾಲ್ಕೇ ಪೆಟ್ಟಿಗೆಯ ಒಂದು ಮರದ ತೊಟ್ಟಿಲು. ಮೋಟಾರ್ ಇಲ್ಲ. ವಯಸ್ಸಾದ ಒಬ್ಬರು ಕೈಯಲ್ಲೇ ತಿರುಗಿಸುತ್ತಿದ್ದರು. ಮೇಲಿಂದ ಬರುವ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ ಕೆಳಕ್ಕೆ ಎಳೆದು ಬಿಡುವುದು. ಪ್ರತಿ ಎಳೆತಕ್ಕೂ ಒಂದು ಸಾಲು ಹಾಡುತ್ತಿದ್ದರು. ಕನ್ನಡ ಅಲ್ಲ. ಕೊನೆಯಲ್ಲಿ ‘ಐಲೇಸಾ’ ಅನ್ನುವ ಹಾಗೆ ಕೇಳುತ್ತಿತ್ತು.

ನಮ್ಮ ಡೋಲಕ್ಕಿನ ಚರ್ಮ ಕಡಲ ಗಾಳಿಗೆ ತೇವವಾಗಿ ಸಡಿಲಾಗಿತ್ತು. ಬಡಿದರೆ ‘ಧಪ್’ ಅಂತ ಮಾತ್ರ ಬರುತ್ತಿತ್ತು. ಅವರು ನೋಡಿದರು, ಏನೂ ಮಾತಾಡಲಿಲ್ಲ. ಡೋಲಕ್ ಇಸಿದುಕೊಂಡು ಹೋಗಿ ಕಡಲೆಕಾಯಿಯವನ ಒಲೆಯ ಮುಂದೆ ಕೂತರು. ಅಂಗೈ ಚರ್ಮದ ಮೇಲಿಟ್ಟು, ಬಿಸಿ ಎಷ್ಟಿದೆ ನೋಡಿಕೊಂಡು, ಹತ್ತಿರ ಹಿಡಿದು, ದೂರ ಮಾಡಿ, ಐದು ನಿಮಿಷ. ವಾಪಸ್ ಕೊಟ್ಟಾಗ ಬೆರಳು ತಾಗಿದರೆ ಸಾಕು, ನುಡಿಯುತ್ತಿತ್ತು. ಆಮೇಲೆ ಅವರು ತೊಟ್ಟಿಲು ತಿರುಗಿಸುತ್ತಾ ಹಾಡಿದರು, ನಾವು ಜೊತೆಗೆ ನುಡಿಸಿದೆವು. ಅದೇ ಈ ಕ್ಯಾಸೆಟ್.

ಆ ಎಳೆತದ ತಾಳ ನನ್ನ ಮೈಯಿಂದ ಇವತ್ತಿಗೂ ಹೋಗಿಲ್ಲ. ಅವತ್ತು ಸ್ಕೂಲಿನಲ್ಲಿದ್ದಿದ್ದರೆ ಅದು ನನಗೆ ಸಿಗುತ್ತಿರಲಿಲ್ಲ. ಇದನ್ನು ಈಗ ಬರೆಯೋದಕ್ಕೆ ಇನ್ನೊಂದು ಕಾರಣ ಇದೆ. ಮಗಳು ಒಂಬತ್ತನೇ ಕ್ಲಾಸು. ಡ್ರಮ್ಸ್ ಕಲಿಯುತ್ತಿದ್ದಾಳೆ. ಪ್ರಾಕ್ಟೀಸಿಗೆ ಅಂತ ಎರಡು ಸಲ ಟ್ಯೂಷನ್ ತಪ್ಪಿಸಿದ್ದು ಗೊತ್ತಾಯಿತು. ಮನೆಯವರು ಬೈದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಕ್ಯಾಸೆಟ್ಟಿನ ಟೇಪ್ ಮೇಲೆ ಬಿಳಿ ಬೂಷ್ಟಿದೆ. ಹಾಕಿ ನೋಡೋಕೆ ಭಯ. ಏನು ಮಾಡಲಿ? ಆ ಹಾಡು ಏನು ಅಂತ ಯಾರಿಗಾದರೂ ಗೊತ್ತಾ? ನೀವೂ ಹೀಗೆ ಸಂಗೀತಕ್ಕೆ ಅಂತ ಕ್ಲಾಸ್ ಬಿಟ್ಟಿದ್ದರೆ ಹೇಳಿ.

ಅಟ್ಟದ ರೇಡಿಯೋ
ಶನಿವಾರ, ರಾತ್ರಿ 10:25

ಅಣ್ಣ, ದಯವಿಟ್ಟು ಯಾವ ಪ್ಲೇಯರ್‌ಗೂ ಹಾಕಬೇಡಿ. ನಾನು ಸರಸ್ವತಿಪುರಂನಲ್ಲಿ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತೇನೆ. ಬೂಷ್ಟು ಹಿಡಿದ ಟೇಪ್ ಓಡಿಸಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಹರಿಯಬಹುದು. ಬೂಷ್ಟು ಪ್ಲೇಯರಿನ ಒಳಗೆ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದೆ ಹಾಕುವ ಕ್ಯಾಸೆಟ್‌ಗೂ ಹತ್ತುತ್ತದೆ.

ಮೊದಲು ಕೆಲವು ದಿನ ಒಣ ಜಾಗದಲ್ಲಿಡಿ. ಬಿಸಿಲಿಗೆ ಬೇಡ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತಲ್ವಾ, ಅದೇ. ಆಮೇಲೆ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಟೇಪನ್ನು ಹೊಸ ಚಿಪ್ಪಿಗೆ, ಅಂದರೆ ಕ್ಯಾಸೆಟ್ಟಿನ ಹೊರಗಿನ ಕವಚಕ್ಕೆ, ಹಾಕೋಣ. ಒಳಗೆ ಹೆಡ್‌ಗೆ ಟೇಪನ್ನು ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಇರುತ್ತದೆ. ಹಳೆಯದರಲ್ಲಿ ಅದರ ಅಂಟು ಬಿಟ್ಟಿರುತ್ತದೆ. ಅದು ಬಿದ್ದರೆ ಸದ್ದು ಮಂಕಾಗುತ್ತದೆ. ನಿಮ್ಮ ಚಿಪ್ಪಿನಲ್ಲಿ ಐದು ಸ್ಕ್ರೂ ಇದ್ದರೆ ಕೆಲಸ ಸುಲಭ. ಅಂಟಿಸಿ ಮುಚ್ಚಿದ ಚಿಪ್ಪಾದರೆ ಬ್ಲೇಡಿನಿಂದ ಸೀಳಬೇಕು.

ಮೌತ್‌ಆರ್ಗನ್ ಇನ್ನೂ ಇದೆಯಾ? ಇದ್ದರೆ ಅದರ ಮೇಲೆ ಯಾವ ಶ್ರುತಿಯ ಅಕ್ಷರ ಕೊರೆದಿದೆ ನೋಡಿ ಹೇಳಿ.

ಮೌತ್‌ಆರ್ಗನ್ ಅಗ್ರಹಾರ
ಶನಿವಾರ, ರಾತ್ರಿ 10:41

ಇದೆ. ‘ಸಿ’ ಅಂತ ಇದೆ. ಅದೇ ಟ್ರಂಕಿನಲ್ಲಿತ್ತು. ಸ್ಕ್ರೂ ಐದೂ ಇವೆ, ಒಂದು ತುಕ್ಕು ಹಿಡಿದಿದೆ.

ಅಟ್ಟದ ರೇಡಿಯೋ
ಶನಿವಾರ, ರಾತ್ರಿ 10:44

ಹಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಹಿತ್ತಾಳೆ ರೀಡಿನ ಶ್ರುತಿ ಅಷ್ಟು ಸುಲಭಕ್ಕೆ ಅಲುಗಾಡೋದಿಲ್ಲ. ಟೇಪಿನಲ್ಲಿ ಅದು ಯಾವ ಶ್ರುತಿಗೆ ಕೇಳುತ್ತದೆ ಅನ್ನೋದರ ಮೇಲೆ ವೇಗ ಸರಿಯಿದೆಯಾ ಇಲ್ವಾ ಹೇಳಬಹುದು. ಮುಂದಿನ ಶನಿವಾರ ತನ್ನಿ. ದುಡ್ಡಿನ ಮಾತು ಬೇಡ.

ನಿವೃತ್ತ ಮೇಷ್ಟ್ರು, ಮಂಡ್ಯ
ಭಾನುವಾರ, ಬೆಳಿಗ್ಗೆ 6:15

ಬರಹ ಓದಿ ಮನಸ್ಸು ತುಂಬಿತು. ಆದರೂ ಒಂದು ಮಾತು ಹೇಳದೆ ಇರಲಾರೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಮೂರು ದಿನ ಸಾಲಾಗಿ ಗೈರುಹಾಜರಿ ಬಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಯಾಕೆಂದರೆ ನಮ್ಮಲ್ಲಿ ಚಕ್ಕರ್ ಹೊಡೆದ ಮಕ್ಕಳು ಹೋಗುತ್ತಿದ್ದದ್ದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ. ಕನ್ನಂಬಾಡಿಯಿಂದ ನೀರು ಬಿಟ್ಟಾಗ ಮೇಲಿನಿಂದ ನೋಡಿದರೆ ನಾಲೆ ಸುಮ್ನೆ ಹರಿಯುವ ಹಾಗೆ ಕಾಣುತ್ತದೆ. ಒಳಗೆ ಸೆಳೆತ ಜಾಸ್ತಿ. ದಡ ಇಳಿಜಾರು, ಪಾಚಿ. ಹತ್ತಿ ಬರೋಕೆ ಹಿಡಿ ಸಿಗೋದಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗ ಹಾಗೆ ಹೋದ. ಬುಧವಾರ. ಅವನ ಜಾಮಿಟ್ರಿ ಬಾಕ್ಸ್ ಡೆಸ್ಕಿನಲ್ಲೇ ಇತ್ತು.

ನೀವು ಮೂವರು ಹದಿನೈದರ ಹುಡುಗರು ಮನೆಯಲ್ಲಿ ಹೇಳದೆ ಕಡಲಿಗೆ ಹೋಗಿ ಕ್ಷೇಮವಾಗಿ ಬಂದಿರಿ. ಅದು ನಿಮ್ಮ ಹೆತ್ತವರ ಪುಣ್ಯ. ಮಗಳಿಗೆ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ.

ಮೌತ್‌ಆರ್ಗನ್ ಅಗ್ರಹಾರ
ಭಾನುವಾರ, ಬೆಳಿಗ್ಗೆ 7:30

ಸಾರ್, ನಮಸ್ಕಾರ. ನೀವು ಹೇಳಿದ್ದು ನಿಜ. ಮೊದಲ ಬರಹದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಸಂಜೆ ನಾನು ಮಂಡಿಯುದ್ದ ನೀರಿಗೆ ಇಳಿದಿದ್ದೆ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳೇ ಜಾರಿತು. ಸೊಂಟದವರೆಗೆ ಬಂತು, ಮುಂದಿನ ಅಲೆಗೆ ಎದೆಯವರೆಗೆ. ತೊಟ್ಟಿಲಿನವರು ಓಡಿಬಂದು ಅಂಗಿಯ ಕಾಲರ್ ಹಿಡಿದು ಎಳೆದು ಹಾಕಿದರು. ಬೈಯಲಿಲ್ಲ. ತಮ್ಮ ಟವೆಲ್ ಕೊಟ್ಟು, ವಾಪಸ್ ಹೋಗಿ ತೊಟ್ಟಿಲು ತಿರುಗಿಸಿದರು. ಇದನ್ನು ಅಮ್ಮನಿಗೆ ಹೇಳಲೇ ಇಲ್ಲ, ಮನೆಯವರಿಗೂ ಇವತ್ತಿನವರೆಗೆ ಹೇಳಿಲ್ಲ. ಮಗಳಿಗೆ ಹೇಳುತ್ತೇನೆ.

ವೀಣೆ ಒಂಟಿಕೊಪ್ಪಲ್
ಭಾನುವಾರ, ಮಧ್ಯಾಹ್ನ 12:10

ನಿಮ್ಮ ಕಥೆ ಓದುತ್ತಾ ನಮ್ಮ ಕಾಲದ ಹೆಣ್ಣುಮಕ್ಕಳ ನೆನಪಾಯಿತು. ನಮಗೆ ಕಾಂಪೌಂಡ್ ಹಾರುವ ಭಾಗ್ಯ ಇರಲಿಲ್ಲ. ಸ್ಕೂಲಿನ ಗೇಟಿಗೆ ಅಣ್ಣನ ಸೈಕಲ್ ಬರುತ್ತಿತ್ತು. ಸಂಗೀತ ಮಾತ್ರ ಮನೆಗೇ ಬರುತ್ತಿತ್ತು. ವಾರಕ್ಕೆ ಮೂರು ದಿನ ವೀಣೆ ಪಾಠ. ಮೈಸೂರು ಬಾನಿ. ಉಗುರಿನಲ್ಲೇ ಮೀಟಬೇಕು, ಮೀಟು ಹಗುರವಾಗಿ ಬೀಳಬೇಕು. ವೀಣೆ ಶೇಷಣ್ಣನವರ ಊರಿನಲ್ಲಿ ಹುಟ್ಟಿ ವೀಣೆ ಬರೋದಿಲ್ಲ ಅಂದರೆ ಹೇಗೆ ಅಂತ ಅಜ್ಜಿ ಹೇಳುತ್ತಿದ್ದರು.

ನಾನು ಚಕ್ಕರ್ ಹೊಡೆದದ್ದು ಆ ವೀಣೆ ಪಾಠಕ್ಕೆ. ಒಂದೇ ಸಲ. ದಸರಾ ಸಮಯ. ಗುರುಗಳಿಗೆ ಜ್ವರ ಅಂತ ಮನೆಯಲ್ಲಿ ಹೇಳಿ, ಮನೆಯಲ್ಲಿ ಜ್ವರ ಅಂತ ಗುರುಗಳಿಗೆ ಹೇಳಿ ಕಳಿಸಿ, ಗೆಳತಿಯ ಜೊತೆ ದೊಡ್ಡಕೆರೆ ಮೈದಾನದ ಎಕ್ಸಿಬಿಷನ್‌ಗೆ ಹೋದೆ. ಜೈಂಟ್ ವೀಲ್ ಹತ್ತಿದೆ. ಮೇಲೆ ಹೋಗಿ ನಿಂತಾಗ ಅರಮನೆಯ ಅಷ್ಟೂ ದೀಪಗಳು ಒಟ್ಟಿಗೆ ಹತ್ತಿಕೊಂಡವು. ಕೆಳಗೆ ಅಂಗಳದಿಂದ ಬ್ಯಾಂಡಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಗೆಳತಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ರೆಪ್ಪೆ ಮುಚ್ಚಲಿಲ್ಲ. ಕೆಳಗಿಳಿದು ಇಬ್ಬರೂ ಒಂದೇ ಡೆಲ್ಲಿ ಹಪ್ಪಳ ಹಂಚಿಕೊಂಡು ತಿಂದೆವು. ಮೊರದಗಲ ಇತ್ತು, ಮೇಲೆ ಖಾರದ ಪುಡಿ.

ಸಮುದ್ರ ನೋಡಿದ್ದು ಮದುವೆಯಾದ ಮೇಲೆ, 22ನೇ ವಯಸ್ಸಿನಲ್ಲಿ. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮದ್ರಾಸಿಗೆ ಹೋಗಿ ಮರೀನಾದಲ್ಲಿ. ಸುಂಡಲ್ ಪೊಟ್ಟಣ ಕೈಯಲ್ಲಿಟ್ಟುಕೊಂಡು ನಿಂತೆ. ಮೊದಲು ಮನಸ್ಸಿಗೆ ಬಂದದ್ದು ತಾಳದ ತಂತಿ. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳಕ್ಕೆ ಮೂರು. ಆ ಮೂರನ್ನು ಕಿರುಬೆರಳು ಸುಮ್ನೆ ಮೀಟುತ್ತಲೇ ಇರುತ್ತದೆ, ಏನೇ ನುಡಿಸುತ್ತಿರಲಿ. ಅಲೆಯೂ ಹಾಗೇ ಮಾಡುತ್ತಿತ್ತು.

ಮಗಳನ್ನು ಬೈಯಬೇಡಿ ಅಂತ ನಾನು ಹೇಳೋದಿಲ್ಲ. ಅವಳು ಎಲ್ಲಿಗೆ ಹೋಗುತ್ತಾಳೆ ಅಂತ ನಿಮಗೆ ಗೊತ್ತಿರಲಿ. ನನಗೆ ಅವತ್ತು ಹೇಳಿ ಹೋಗುವ ಧೈರ್ಯ ಇದ್ದಿದ್ದರೆ ಅಪ್ಪನೇ ಕರೆದುಕೊಂಡು ಹೋಗುತ್ತಿದ್ದರು. ಅವರಿಗೂ ಜೈಂಟ್ ವೀಲ್ ಇಷ್ಟ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ನಜರ್‌ಬಾದ್ 78
ಭಾನುವಾರ, ಮಧ್ಯಾಹ್ನ 1:05

ಎಕ್ಸಿಬಿಷನ್ ಅಂದ ತಕ್ಷಣ ಮರಣಬಾವಿ ನೆನಪಾಯಿತು ಅಕ್ಕ. ಮರದ ಹಲಗೆಯ ಬಾವಿ, ಒಳಗೆ ಬೈಕ್ ಗೋಡೆಯ ಮೇಲೆ ಅಡ್ಡಡ್ಡ ಓಡುತ್ತದೆ. ವೇಗ ಇರುವಷ್ಟು ಹೊತ್ತು ಚಕ್ರ ಗೋಡೆಗೆ ಒತ್ತಿಕೊಂಡಿರುತ್ತದೆ, ಆ ಒತ್ತಡದ ಹಿಡಿತದಲ್ಲೇ ಬೈಕ್ ಕೆಳಗೆ ಜಾರದೆ ನಿಲ್ಲುತ್ತದೆ. ನಾನು ನೋಡುತ್ತಿರಲಿಲ್ಲ, ಕೇಳುತ್ತಿದ್ದೆ. ಬೈಕ್ ಹತ್ತಿರ ಬಂದಾಗ ಸದ್ದು ಏರುತ್ತದೆ, ದಾಟಿದಾಗ ಇಳಿಯುತ್ತದೆ, ಕಾಲಡಿಯ ಹಲಗೆಗಳು ದಡದಡ ಅನ್ನುತ್ತವೆ. ಮನೆಗೆ ಬಂದು ತಗಡಿನ ಡಬ್ಬದ ಮೇಲೆ ಅದನ್ನೇ ಬಾರಿಸುತ್ತಿದ್ದೆ. ಈಗ ಗಣೇಶನ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ನುಡಿಸುತ್ತೇನೆ.

ಬ್ಯಾಂಡ್ ಮನೆ
ಭಾನುವಾರ, ಸಂಜೆ 5:50

ಈ ಚರ್ಚೆಗೆ ಒಂದು ವಿಷಯ ಸೇರಿಸಲೇಬೇಕು. ನಮ್ಮದು ಅರಮನೆ ಬ್ಯಾಂಡಿನ ಮನೆತನ. ತಾತ ಮಹಾರಾಜರ ಕಾಲದಲ್ಲಿ ಕ್ಲಾರಿನೆಟ್, ಅಪ್ಪ ಪೊಲೀಸ್ ಬ್ಯಾಂಡಿನಲ್ಲಿ. ಅಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇವೆ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಕಲಿತವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದವರು. ಹಾಗಾಗಿ ಈ ಊರಿನಲ್ಲಿ ಎರಡು ಬಗೆಯ ಸಂಗೀತವೂ ರಸ್ತೆಯಲ್ಲೇ ಕಿವಿಗೆ ಬೀಳುತ್ತಿತ್ತು.

ನೀವು ಮೈಸೂರಿನಿಂದ ಕಡಲಿಗೆ ಹೋಗಿ ಒಂದು ತಾಳ ತಂದಿರಿ. ಕಡಲ ಕಡೆಯ ಒಬ್ಬ ಹುಡುಗ ಮೈಸೂರಿಗೆ ಬಂದು ಏನು ತೆಗೆದುಕೊಂಡು ಹೋದ ಗೊತ್ತಾ? ಕದ್ರಿ ಗೋಪಾಲನಾಥ್. ಹುಟ್ಟಿದ್ದು 1949ರಲ್ಲಿ, ಬಂಟ್ವಾಳದ ಹತ್ತಿರ ಸಜೀಪಮೂಡದಲ್ಲಿ. ತಂದೆ ನಾಗಸ್ವರದವರು, ಮಗನೂ ಮೊದಲು ಅದನ್ನೇ ಕಲಿತದ್ದು. ಮೈಸೂರಿಗೆ ಬಂದಾಗ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದರು. ಕಲಿತರೆ ಇದನ್ನೇ ಅಂತ ನಿಶ್ಚಯ ಮಾಡಿಕೊಂಡರು. ಆ ವಾದ್ಯದಲ್ಲಿ ಕೀ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಮ್ಮ ಸಂಗೀತಕ್ಕೆ ಬೇಕಾದ್ದು ಸ್ವರಗಳ ನಡುವಿನ ಜಾರು, ಗಮಕ. ಅದನ್ನು ಹೊರಡಿಸೋಕೆ ವಾದ್ಯವನ್ನೇ ಒಂದಿಷ್ಟು ಬದಲಾಯಿಸಿಕೊಂಡು ವರ್ಷಗಟ್ಟಲೆ ದುಡಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಜಂಬೂಸವಾರಿಯಲ್ಲಿ ಬ್ಯಾಂಡ್ ಹೋಗುವಾಗ ಕಂಬಿಗೆ ಅಂಟಿಕೊಂಡು ನಿಂತ ಹುಡುಗರನ್ನು ನೋಡಿದರೆ ಅಪ್ಪ ಇವತ್ತಿಗೂ ಹೇಳುತ್ತಾರೆ, ‘ಇವರಲ್ಲಿ ಯಾರ ಕಿವಿಗೆ ಏನು ಬಿತ್ತೋ’ ಅಂತ.

ಉಳ್ಳಾಲದ ಮಗಳು, ಈಗ ಕುವೆಂಪುನಗರ
ಭಾನುವಾರ, ರಾತ್ರಿ 9:15

ಮೊದಲ ಬರಹ ಓದಿ ನನಗೆ ಅಳು ಬಂತು ಮಾರಾಯ್ರೆ. ನಾನು ಮೊಗವೀರಪಟ್ನದವಳು. ಮದುವೆಯಾಗಿ ಮೈಸೂರಿಗೆ ಬಂದು 19 ವರ್ಷ.

ನೀವು ಹೇಳಿದ ಎಳೆತ, ಸೊಂಟ ಬಾಗಿಸಿ ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದು ಬಿಡೋದು, ಅದು ತೊಟ್ಟಿಲಿನ ಕೆಲಸ ಕಲಿತವರ ಕೈ ಅಲ್ಲ. ರಂಪಣಿ ಎಳೆದವರ ಕೈ. ನಿಮ್ಮ ಕಡೆ ರಂಪಣಿ ಗೊತ್ತಿರಲಿಕ್ಕಿಲ್ಲ. ಅದು ದಡದಿಂದ ಎಳೆಯುವ ಬಹಳ ದೊಡ್ಡ ಬಲೆ. ದೋಣಿಯಲ್ಲಿ ಬಲೆ ತೆಗೆದುಕೊಂಡು ಹೋಗಿ ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ದಡದಲ್ಲಿ. ಒಂದೊಂದು ಹಗ್ಗಕ್ಕೆ ಹತ್ತಾರು ಜನ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಉತ್ತರ ಕೊಡುತ್ತಾ ಎಳೆಯುತ್ತಾರೆ. ಎಲ್ಲರ ಬಲ ಒಂದೇ ಗಳಿಗೆಗೆ ಬೀಳದಿದ್ದರೆ ಬಲೆ ಬರೋದಿಲ್ಲ. ಅದಕ್ಕೇ ಹಾಡು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿತ್ತು. ಎಳೆದವರಿಗೆಲ್ಲ ಪಾಲು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಯಂತ್ರದ ದೋಣಿಯವರು ಆಳದಲ್ಲೇ ಸುತ್ತುವರಿದು ಹಿಡಿದರು. ಕೆಲವೇ ವರ್ಷದಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಬಿದ್ದವು. ಸಣ್ಣ ಕೈರಂಪಣಿ ಈಗಲೂ ಅಲ್ಲಲ್ಲಿ ಇದೆ. ಆ ಹಗ್ಗ ಬಿಟ್ಟವರು ಬಂದರಿನಲ್ಲಿ ಹೊರೆ ಹೊತ್ತರು, ಐಸ್ ಒಡೆದರು. ನೀವು ನೋಡಿದವರು ತೊಟ್ಟಿಲು ಹಿಡಿದಿರಬೇಕು. 1987 ಅಂದರೆ ಲೆಕ್ಕ ಸರಿ ಬರುತ್ತದೆ.

ಸದ್ದು ಸಿಕ್ಕಿದರೆ ದಯವಿಟ್ಟು ನನಗೆ ಕಳಿಸಿ ಅಣ್ಣ. ನನ್ನ ಅಪ್ಪನಿಗೆ 82. ರಂಪಣಿ ಎಳೆದವರು. ಕಣ್ಣು ಸರಿ ಕಾಣೋದಿಲ್ಲ, ಕಿವಿ ಚೆನ್ನಾಗಿದೆ.

ಇನ್ನೊಂದು ಮಾತು. ಮೇಷ್ಟ್ರು ಹೇಳಿದ್ದು ಸರಿ. ಕಡಲು ಒಳಕ್ಕೆ ಸೆಳೆದರೆ ಎದುರು ಈಜಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬರಬೇಕು, ಆಮೇಲೆ ದಡದ ಕಡೆ. ಮಳೆಗಾಲದಲ್ಲಿ ನಾವೇ ಇಳಿಯೋದಿಲ್ಲ. ಮಕ್ಕಳಿಗೆ ಹೇಳಿ.

ಮೌತ್‌ಆರ್ಗನ್ ಅಗ್ರಹಾರ
ಭಾನುವಾರ, ರಾತ್ರಿ 9:32

ಅಕ್ಕ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಇಷ್ಟು ವರ್ಷ ಅದು ತೊಟ್ಟಿಲ ಹಾಡು ಅಂದುಕೊಂಡಿದ್ದೆ. ಒಬ್ಬರೇ ನಿಂತು ಹತ್ತಾರು ಜನರ ಹಾಡು ಹಾಡುತ್ತಿದ್ದರು ಅಂತ ಈಗ ಗೊತ್ತಾಯಿತು. ಪ್ರತಿ ಸಾಲಿನ ಕೊನೆಗೆ ಅವರು ಸ್ವಲ್ಪ ತಡೆಯುತ್ತಿದ್ದರು. ಉತ್ತರಕ್ಕೆ ಕಾಯುತ್ತಿದ್ದರು ಅಲ್ವಾ?

ಉಳ್ಳಾಲದ ಮಗಳು, ಈಗ ಕುವೆಂಪುನಗರ
ಭಾನುವಾರ, ರಾತ್ರಿ 9:36

ಹೌದು ಅಣ್ಣ.

ಅಟ್ಟದ ರೇಡಿಯೋ
ಮುಂದಿನ ಶನಿವಾರ, ಸಂಜೆ 6:20

ಎಲ್ಲರಿಗೂ ತಿಳಿಸುತ್ತಿದ್ದೇನೆ, ಟೇಪ್ ಬದುಕಿದೆ. ಹೊಸ ಚಿಪ್ಪಿಗೆ ಹಾಕಿದೆವು. ಅಣ್ಣನ ಕೈ ನಡುಗುತ್ತಿತ್ತು, ಸ್ಕ್ರೂ ನಾನೇ ಬಿಚ್ಚಿದೆ. ಒಂದು ಕಡೆ 30 ನಿಮಿಷ ಪೂರ್ತಿ ರೆಕಾರ್ಡ್ ಆಗಿದೆ. ಇನ್ನೊಂದು ಕಡೆ ಖಾಲಿ. ಕಂಪ್ಯೂಟರಿಗೆ ವೇವ್ ಫೈಲ್ ಆಗಿ ಇಳಿಸಿದ್ದೇನೆ. ಎಂಪಿ3 ಮಾಡಿದರೆ ಸದ್ದಿನ ಕೆಲವು ಅಂಶ ಕಳೆದುಹೋಗುತ್ತದೆ, ಮೂಲವನ್ನು ಹಾಗೇ ಇಟ್ಟುಕೊಳ್ಳಬೇಕು.

ಒಂದು ವಿಚಿತ್ರ ಕಂಡಿತು. ಶುರುವಿನಲ್ಲಿ ಮೌತ್‌ಆರ್ಗನ್ ಶ್ರುತಿ ಸರಿಯಾಗಿದೆ. ಹೋಗ್ತಾ ಹೋಗ್ತಾ ಏರುತ್ತದೆ. ಕೊನೆಗೆ ಒಂದು ಮನೆ ಮೇಲೇ ಹೋಗಿದೆ. ಅಣ್ಣ ಹೇಳಿದರು, ‘ಖುಷಿಗೆ ಜೋರು ಮಾಡಿರಬೇಕು’ ಅಂತ. ತಾಳ ಜೋರಾಗಬಹುದು, ಆದರೆ ರೀಡಿನ ಶ್ರುತಿ ಏರೋದಿಲ್ಲವಲ್ಲ. ಕಾರಣ ಸೆಲ್. ರೆಕಾರ್ಡ್ ಆಗುವಾಗ ಸೆಲ್ ಕಡಿಮೆಯಾಗುತ್ತಾ ಬಂದರೆ ಮೋಟಾರ್ ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪನ್ನು ಈಗ ಸರಿಯಾದ ವೇಗದಲ್ಲಿ ಕೇಳಿದರೆ ಎಲ್ಲವೂ ಬೇಗ, ಎಲ್ಲವೂ ಮೇಲೆ. ಅದಕ್ಕೇ ಒಂದೇ ಅಳತೆಯಲ್ಲಿ ತಿದ್ದೋಕೆ ಆಗಲಿಲ್ಲ. ಅಣ್ಣನ ಮೌತ್‌ಆರ್ಗನ್ ಪಕ್ಕದಲ್ಲಿಟ್ಟು, ಅದೇ ಸ್ವರ ನುಡಿಸಿ ನುಡಿಸಿ, ನಿಮಿಷಕ್ಕೆ ನಿಮಿಷ ಇಳಿಸುತ್ತಾ ಬಂದೆ. ಐದು ಗಂಟೆ ಹಿಡಿಯಿತು.

ತಿದ್ದಿದ ಮೇಲೂ ಕೊನೆಯ ಹತ್ತು ನಿಮಿಷದಲ್ಲಿ ತೊಟ್ಟಿಲಿನ ಕಿರುಗುಟ್ಟುವಿಕೆ ಮೊದಲಿಗಿಂತ ಬೇಗವೇ ಇದೆ. ಅಷ್ಟು ಮಾತ್ರ ಅವರದ್ದೇ ವೇಗ.

ನಿವೃತ್ತ ಮೇಷ್ಟ್ರು, ಮಂಡ್ಯ
ಮುಂದಿನ ಶನಿವಾರ, ರಾತ್ರಿ 8:00

ವೇಗ, ದೂರ, ಕಾಲದ ಲೆಕ್ಕವನ್ನು ನಾನು ಎಷ್ಟೋ ವರ್ಷ ರೈಲಿನ ಉದಾಹರಣೆ ಕೊಟ್ಟು ಹೇಳಿದ್ದೆ. ಈ ಕ್ಯಾಸೆಟ್ಟಿನ ಲೆಕ್ಕ ಕ್ಲಾಸಿನಲ್ಲಿ ಹೇಳಲು ಸಿಕ್ಕಿದ್ದರೆ ಹಿಂದಿನ ಬೆಂಚಿನವರೂ ಬರುತ್ತಿದ್ದರೇನೋ. ಒಳ್ಳೆಯ ಕೆಲಸ ಮಾಡಿದಿರಪ್ಪ.

ಮಗಳ ವಿಷಯ ಏನಾಯಿತು?

ಮೌತ್‌ಆರ್ಗನ್ ಅಗ್ರಹಾರ
ಮುಂದಿನ ಭಾನುವಾರ, ಬೆಳಿಗ್ಗೆ 10:05

ಸಾರ್, ನಿನ್ನೆ ರಾತ್ರಿ ಊಟ ಆದ ಮೇಲೆ ಮೂವರೂ ಕೂತು ಕೇಳಿದೆವು. ಮೊದಲು ಅಲೆ. ಆಮೇಲೆ ಯಾರೋ ಕೆಮ್ಮುತ್ತಾರೆ, ‘ಒತ್ತು, ಕೆಂಪು ಬಟನ್ ಒತ್ತು’ ಅನ್ನುವ ನನ್ನ ದನಿ, ಇನ್ನೂ ಒಡೆದಿರದ ದನಿ. ಆಮೇಲೆ ಅವರ ಹಾಡು.

ಎಲ್ಲ ಹೇಳಿದೆ. ಕಾಂಪೌಂಡ್, ಗಿರಣಿ, ಕಂಬೈನ್ ಸ್ಟಡಿಯ ಸುಳ್ಳು. ಅಲೆಗೆ ಸಿಕ್ಕಿದ್ದೂ ಹೇಳಿದೆ. ಮನೆಯವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಮಾತಾಡಲಿಲ್ಲ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ಹತ್ತಿರ ಎಳೆದುಕೊಂಡು ಮತ್ತೆ ಶುರುವಿನಿಂದ ಹಾಕಿದಳು. ಊಟದ ಟೇಬಲ್ಲಿನ ಮೇಲೆ ಬೆರಳಲ್ಲಿ ಎಣಿಸಿದಳು. ‘ಅಪ್ಪ, ಪೆಟ್ಟು ಅವರು ಹಾಡೋ ಕಡೆ ಇಲ್ಲ. ಹಾಡು ನಿಲ್ಲಿಸ್ತಾರಲ್ಲ, ಅಲ್ಲಿದೆ’ ಅಂದಳು. ನಾನು ಇಷ್ಟು ವರ್ಷ ಮೈಯಲ್ಲಿ ಇಟ್ಟುಕೊಂಡು ತಿರುಗಿದ್ದನ್ನು ಅವಳು ನಾಲ್ಕು ನಿಮಿಷದಲ್ಲಿ ಹೇಳಿದಳು.

ಟ್ಯೂಷನ್ ಮೇಷ್ಟ್ರ ಹತ್ತಿರ ಮಾತಾಡಿ ವಾರಕ್ಕೆ ಒಂದು ದಿನ ಕಡಿಮೆ ಮಾಡಿಸಿದ್ದೇವೆ. ಆ ದಿನ ಪ್ರಾಕ್ಟೀಸ್. ನಾನೇ ಬಿಟ್ಟು ಬರುತ್ತೇನೆ. ಇನ್ನು ಹೇಳದೆ ಹೋಗೋದಿಲ್ಲ ಅಂತ ಮಾತು ಕೊಟ್ಟಿದ್ದಾಳೆ. ಅವಳ ಮಾತನ್ನು ನಾನು ನಂಬುತ್ತೇನೆ.

ವೀಣೆ ಒಂಟಿಕೊಪ್ಪಲ್
ಮುಂದಿನ ಭಾನುವಾರ, ಬೆಳಿಗ್ಗೆ 10:40

ಆ ಹುಡುಗಿಯನ್ನು ಒಂದು ಸಲ ನಮ್ಮ ಮನೆಗೆ ಕರೆತನ್ನಿ. ತಾಳದ ತಂತಿ ತೋರಿಸಬೇಕು ಅವಳಿಗೆ.

ಉಳ್ಳಾಲದ ಮಗಳು, ಈಗ ಕುವೆಂಪುನಗರ
ಮುಂದಿನ ಭಾನುವಾರ, ಸಂಜೆ 7:10

ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. ಊರಿನಲ್ಲಿ ನನ್ನ ಅಣ್ಣನ ಮಗ ವಿಡಿಯೋ ಕಾಲ್ ಹಿಡಿದುಕೊಂಡಿದ್ದ. ಅಪ್ಪ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಎರಡು ಸಾಲು ಸುಮ್ಮನೆ ಕೇಳಿದರು. ಮೂರನೇ ಸಾಲಿಗೆ ಎರಡೂ ಕೈ ಮುಂದೆ ಹೋಯಿತು, ಮುಷ್ಟಿ ಕಟ್ಟಿ ಎದೆಯ ಹತ್ತಿರಕ್ಕೆ ಎಳೆದುಕೊಂಡರು. ಸಾಲು ನಿಂತ ಕಡೆ ಉತ್ತರ ಕೊಟ್ಟರು, ದೊಡ್ಡ ದನಿಯಲ್ಲಿ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು.

ಹಾಡಿದವರು ಯಾರು ಅಂತ ಅಪ್ಪನಿಗೆ ದನಿಯಲ್ಲಿ ಗುರುತು ಸಿಗಲಿಲ್ಲ. ಆದರೆ ಹಾಡು ರಂಪಣಿಯದ್ದೇ. ಬಲೆಯ ಹೊಟ್ಟೆ ದಡಕ್ಕೆ ಹತ್ತಿರ ಬಂದಾಗ ಹೇಳೋದಂತೆ, ಅದಕ್ಕೇ ಕೊನೆಗೆ ಬೇಗ ಆಗುತ್ತದೆ ಅಂದರು. ನೀವು ತೊಟ್ಟಿಲು ನೋಡಿದ ದಂಡೆ ಈಗ ಹಾಗಿಲ್ಲ ಅಣ್ಣ. ಕಡಲ್ಕೊರೆತ ಜಾಸ್ತಿಯಾಗಿ ಎಷ್ಟೋ ಕಡೆ ದಡಕ್ಕೆ ಬಂಡೆ ಸುರಿದಿದ್ದಾರೆ.

ಅಪ್ಪ ಒಂದು ಪ್ರಶ್ನೆ ಕೇಳಿದರು. ಟೇಪಿನಲ್ಲಿ ನಡುವೆ ಇನ್ನೊಂದು ದನಿ ಉತ್ತರ ಕೊಡುತ್ತದೆ, ಚಿಕ್ಕ ಹುಡುಗನದ್ದು. ‘ಅವನು ಯಾರು? ಅರ್ಧ ಎಳೆತ ತಡವಾಗಿ ಬರ್ತಾನೆ. ಹಗ್ಗ ಹಿಡಿದಿಲ್ಲ, ಆದ್ರೆ ಬಿಡ್ತಾ ಇಲ್ಲ’ ಅಂದರು.

ಗಿರಣಿ ಡೋಲಕ್
ಮುಂದಿನ ಭಾನುವಾರ, ರಾತ್ರಿ 9:50

ಅದು ನಾನು. ಇಲ್ಲಿ ಇದೇ ಮೊದಲು ಬರೆಯುತ್ತಿದ್ದೇನೆ, ಕೊಂಡಿ ಗೆಳೆಯ ಕಳಿಸಿದ. ಅವರು ಸಾಲು ಹೇಳಿ ನಿಲ್ಲಿಸಿದಾಗ ನನ್ನ ಕಡೆ ನೋಡುತ್ತಿದ್ದರು. ಯಾರೂ ಉತ್ತರ ಕೊಡದಿದ್ದರೆ ಅವರಿಗೆ ಬೇಜಾರಾಗುತ್ತದೆ ಅನ್ನಿಸಿತು. ಡೋಲಕ್ ಬಾರಿಸುತ್ತಲೇ ಹೇಳುತ್ತಿದ್ದೆ, ಅದಕ್ಕೇ ತಡ.

ಅಕ್ಕ, ಅಪ್ಪನಿಗೆ ನಮಸ್ಕಾರ ಹೇಳಿ. ಸಂಕ್ರಾಂತಿ ಆದ ಮೇಲೆ ನಾವು ಮೂವರೂ ಬರುತ್ತೇವೆ, ಇವನ ಮಗಳನ್ನೂ ಕರೆದುಕೊಂಡು. ಈ ಸಲ ಮನೆಯಲ್ಲಿ ಹೇಳಿಯೇ ಹೊರಡುತ್ತೇವೆ. ಗಿರಣಿ ಮುಚ್ಚಿ ಹನ್ನೆರಡು ವರ್ಷ ಆಯಿತು, ಡೋಲಕ್ ಇದೆ. ಒಂದು ಕಡೆಯ ಚರ್ಮ ಹೋಗಿದೆ, ನಾಳೆ ಹಾಕಿಸೋಕೆ ಕೊಡುತ್ತೇನೆ. ಅಲ್ಲಿ ದಂಡೆಯಲ್ಲಿ ಕಡಲೆಕಾಯಿ ಹುರಿಯುವವರು ಈಗಲೂ ಇದ್ದಾರಾ?